377 ಹೋಯಿತೆಂದು ಹಿಗ್ಗಿದವರಿಗೆ

2024ರ ಬೇಸಿಗೆಯಲ್ಲಿ ಹಾಸನದಲ್ಲಿ ಏನಾಯಿತು ಎಂದರೆ ಅರಕಲಗೂಡಿನ ಹೋಟೆಲಿನಲ್ಲೂ ಬೆಂಗಳೂರಿನ ವಿಚಾರ ಸಂಕಿರಣದಲ್ಲೂ ಸಿಗುವುದು ಒಂದೇ ಉತ್ತರ: ಅಧಿಕಾರವಿದ್ದ ಗಂಡಸು, ದಿಕ್ಕಿಲ್ಲದ ಹೆಂಗಸರು, ಪೆನ್ ಡ್ರೈವ್. ಅದು ಸುಳ್ಳಲ್ಲ. ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಆ ಉತ್ತರದೊಳಗೆ ಹಿಡಿಸದ ಇನ್ನೊಂದು ದೂರು 2024ರ ಜೂನ್ ಕೊನೆಯಲ್ಲಿ ಹೊಳೆನರಸೀಪುರದಲ್ಲಿ ದಾಖಲಾಯಿತು. ರಾಜಕಾರಣಿಯೊಬ್ಬರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದ್ದ ಆ ದೂರುದಾರ ಗಂಡಸು. ಆರೋಪವನ್ನು ಆ ರಾಜಕಾರಣಿ ಅಲ್ಲಗಳೆದರು. ಅದರ ನಿಜ-ಸುಳ್ಳಿಗೆ ನಾನು ಕೈ ಹಾಕುವುದಿಲ್ಲ. ನನಗೆ ಬೇಕಾದದ್ದು ಪೊಲೀಸರು ಹಾಕಿದ ಕಲಂ ಮಾತ್ರ: ಭಾರತೀಯ ದಂಡ ಸಂಹಿತೆಯ 377, 'ಅಸ್ವಾಭಾವಿಕ' ಲೈಂಗಿಕ ಕೃತ್ಯಗಳನ್ನು ಶಿಕ್ಷಿಸುತ್ತಿದ್ದ ಕಲಂ.

ಒಂದು ವಾರ ಕಳೆದು ಜುಲೈ 1ರಂದು ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. 377 ಇದ್ದ ಜಾಗದಲ್ಲಿ ಅದು ಏನನ್ನೂ ಇಡಲಿಲ್ಲ. ಅಂಥದೇ ಘಟನೆ ಜುಲೈ 2ರಂದು ನಡೆದಿತ್ತೆಂದು ಯಾರಾದರೂ ಬಂದು ಹೇಳಿದ್ದರೆ, ಠಾಣೆಯ ಬರಹಗಾರ ಯಾವ ಕಲಂ ಬರೆಯಬೇಕಿತ್ತು?

ನಾನು ಗೌರವಿಸುವ ಪ್ರಗತಿಪರ ಗೆಳೆಯರು ಈ ಪ್ರಶ್ನೆಯನ್ನು ಬದಿಗೆ ಸರಿಸುತ್ತಾರೆ. ಮೆಕಾಲೆಯ ಕಾಲದ ಕಳಂಕ ಹೋಯಿತಲ್ಲ, ಸಾಕು ಎನ್ನುತ್ತಾರೆ. ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಏನು ಮಾಡಿತೆಂಬುದನ್ನು ಅವರು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ವಯಸ್ಕರ ಸಮ್ಮತಿಯ ಸಂಬಂಧವನ್ನು ಐವರು ನ್ಯಾಯಮೂರ್ತಿಗಳ ಪೀಠ ಅಪರಾಧದಿಂದ ಬಿಡಿಸಿತು. ಸಮ್ಮತಿ ಇಲ್ಲದ ಕೃತ್ಯಕ್ಕೆ ಕಲಮನ್ನು ಹಾಗೆಯೇ ಉಳಿಸಿತು. ಆ ಉಳಿಕೆಯಲ್ಲೇ ಗಂಡಸರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಇದ್ದ ಏಕೈಕ ಗಟ್ಟಿ ರಕ್ಷಣೆ ಇತ್ತು. ಅದರಡಿ ಹತ್ತು ವರ್ಷ, ಕೆಲವೊಮ್ಮೆ ಜೀವಾವಧಿ ಶಿಕ್ಷೆಗೂ ಅವಕಾಶವಿತ್ತು. ಸಂಹಿತೆಯ ಕರಡು ಪರಿಶೀಲಿಸಿದ ಸಂಸದೀಯ ಸ್ಥಾಯಿ ಸಮಿತಿಯೇ ಈ ಭಾಗವನ್ನು ಉಳಿಸಿಕೊಳ್ಳಿ ಎಂದು 2023ರಲ್ಲಿ ಹೇಳಿತ್ತು. ಸರ್ಕಾರ ಕೇಳಲಿಲ್ಲ. ನಮ್ಮವರೂ ಗಲಾಟೆ ಮಾಡಲಿಲ್ಲ.

ಬಿಟ್ಟದ್ದು ಎಷ್ಟು ಅಜಾಗರೂಕವಾಗಿ ಎಂಬುದಕ್ಕೆ ಹೊಸ ಸಂಹಿತೆಯೇ ಸಾಕ್ಷಿ. ಅದರ 38ನೇ ಕಲಂ ಆತ್ಮರಕ್ಷಣೆಯದು. ಎದುರಾಳಿಯ ಪ್ರಾಣ ಹೋಗುವಷ್ಟು ಬಲ ಬಳಸಿದರೂ ತಪ್ಪಲ್ಲ ಎನ್ನುವ ಸಂದರ್ಭಗಳನ್ನು ಅಲ್ಲಿ ಪಟ್ಟಿ ಮಾಡಿದ್ದಾರೆ. ಅತ್ಯಾಚಾರದ ಉದ್ದೇಶದ ಹಲ್ಲೆ ಅದರಲ್ಲಿದೆ. ಅದರ ಮಗ್ಗುಲಲ್ಲೇ 'ಅಸ್ವಾಭಾವಿಕ ಕಾಮ' ತಣಿಸಿಕೊಳ್ಳುವ ಉದ್ದೇಶದ ಹಲ್ಲೆಯೂ ಇದೆ. ಹಳೆಯ ಸಂಹಿತೆಯ ಸಾಲು ಹಾಗೇ ಉಳಿದುಬಂದಿದೆ. ಪರಿಣಾಮ ನೋಡಿ: ಆ ಹಲ್ಲೆಕೋರನನ್ನು ತಡೆಯಲು ಕೊಂದರೆ ಕಾನೂನು ಕ್ಷಮಿಸುತ್ತದೆ, ತಡೆಯಲಾಗದೆ ಕೃತ್ಯ ನಡೆದುಹೋದರೆ ಆ ಕೃತ್ಯಕ್ಕೆ ಕಾನೂನಿನಲ್ಲಿ ಹೆಸರೇ ಇಲ್ಲ. ಇದನ್ನು ವಸಾಹತುಶಾಹಿಯಿಂದ ಬಿಡುಗಡೆ ಎನ್ನುವುದಾದರೆ ನನ್ನದೇನೂ ಹೇಳಿಕೆ ಇಲ್ಲ.

ಬೇರೆ ಕಲಮುಗಳಿಲ್ಲವೇ ಎನ್ನುವ ವಕೀಲರಿದ್ದಾರೆ. ಗಾಯ, ತೀವ್ರ ಗಾಯ, ಅಕ್ರಮ ಬಂಧನ, ಬೆದರಿಕೆ ಎಲ್ಲವೂ ಇವೆ, ನಿಜ. ಆದರೆ ಅವು ಅಳೆಯುವುದು ಮೂಳೆ ಮುರಿದದ್ದನ್ನು, ಕೋಣೆಗೆ ಚಿಲಕ ಹಾಕಿದ್ದನ್ನು. ಸಮ್ಮತಿ ಇರಲಿಲ್ಲ ಎಂಬುದೇ ಅಪರಾಧದ ತಿರುಳು ಎಂದು ಹೆಂಗಸರ ವಿಷಯದಲ್ಲಿ ಒಪ್ಪಿಸಲು ಮಹಿಳಾ ಚಳವಳಿ ದಶಕಗಳ ಕಾಲ ಹೋರಾಡಿತು. ಉಳಿದವರನ್ನು ಮತ್ತೆ ಗಾಯದ ಗುರುತು ತೋರಿಸಿ ಎನ್ನುವ ಕಾಲಕ್ಕೆ ಕಳಿಸುವುದು ಆ ಹೋರಾಟದ ತರ್ಕಕ್ಕೇ ವಿರುದ್ಧ.

ಗಂಡಸರ ಮಾತು ಇಷ್ಟಾದರೆ, ಲಿಂಗತ್ವ ಅಲ್ಪಸಂಖ್ಯಾತರದು ಇನ್ನೂ ವಿಚಿತ್ರ. ನಾನು ಬಹುವಾಗಿ ಮೆಚ್ಚುವ ನಾಲ್ಸಾ ತೀರ್ಪಿನ ಜೊತೆಗೇ ಇಲ್ಲಿ ನನ್ನ ಜಗಳ. 2014ರ ಏಪ್ರಿಲ್ 15ರಂದು ನ್ಯಾಯಮೂರ್ತಿಗಳಾದ ರಾಧಾಕೃಷ್ಣನ್ ಮತ್ತು ಸಿಕ್ರಿ, ವ್ಯಕ್ತಿ ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳಬಹುದು, ಗಂಡು, ಹೆಣ್ಣು ಅಥವಾ ಮೂರನೆಯದೆಂದು ಹೇಳಿಕೊಳ್ಳಬಹುದು ಎಂದರು. ನಂತರದ ದಶಕವಿಡೀ ಚರ್ಚೆ ಆ ಒಂದು ಬಿಂದುವಿನಲ್ಲೇ ಸಿಕ್ಕಿಕೊಂಡಿತು. ದೇಹ ಮುಖ್ಯವೋ, ಗುರುತು ಮುಖ್ಯವೋ? ಎರಡೂ ಬಣಗಳು ಗುರುತಿನ ಪ್ರಶ್ನೆ ಬಗೆಹರಿದರೆ ಮಿಕ್ಕದ್ದು ತಾನಾಗಿ ಸರಿಹೋಗುತ್ತದೆ ಎಂದು ನಂಬಿವೆ. ಹೋಗುವುದಿಲ್ಲ.

ಚನ್ನರಾಯಪಟ್ಟಣದ ಹೆದ್ದಾರಿ ಬದಿಯಲ್ಲಿ ರಾತ್ರಿ ಒಬ್ಬ ಟ್ರಾನ್ಸ್ ಮಹಿಳೆಯ ಮೇಲೆ ಅತ್ಯಾಚಾರವಾಯಿತೆಂದು ಊಹಿಸಿಕೊಳ್ಳಿ. ಸಂಸತ್ತು 2019ರಲ್ಲಿ ಒಪ್ಪಿದ ಕಾಯ್ದೆಯಂತೆ ಆಕೆ ಹಾಸನದ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆದಿದ್ದಾಳೆ. ಅದರಲ್ಲಿ ಆಕೆ ಟ್ರಾನ್ಸ್‌ಜೆಂಡರ್ ವ್ಯಕ್ತಿ. ಹೆಣ್ಣೆಂಬ ಪತ್ರ ಬೇಕಿದ್ದರೆ ಶಸ್ತ್ರಚಿಕಿತ್ಸೆಯಾಗಿರಬೇಕು, ವೈದ್ಯಾಧಿಕಾರಿಯ ದೃಢೀಕರಣ ಬೇಕು. ನ್ಯಾಯ ಸಂಹಿತೆಯ 63ನೇ ಕಲಂ ಪ್ರಕಾರ ಅತ್ಯಾಚಾರ ಎಂದರೆ ಗಂಡಸು ಹೆಂಗಸಿನ ಮೇಲೆ ಎಸಗುವುದು. ಕನಿಷ್ಠ ಶಿಕ್ಷೆ ಹತ್ತು ವರ್ಷ. ಆಕೆಯ ಕೈಯಲ್ಲಿರುವ ಪತ್ರವೇ ಆಕೆ ಆ ಹೆಂಗಸಲ್ಲ ಎಂದು ವಾದಿಸಲು ಆರೋಪಿಯ ವಕೀಲನಿಗೆ ಸಿಗುವ ಮೊದಲ ದಾಖಲೆ. ಆಗ ಉಳಿಯುವುದು 2019ರ ಕಾಯ್ದೆಯ 18ನೇ ಕಲಂ. ಅಲ್ಲಿ ಲೈಂಗಿಕ ದೌರ್ಜನ್ಯ, ಬೈಗುಳ, ಆರ್ಥಿಕ ಕಿರುಕುಳ ಎಲ್ಲವೂ ಒಂದೇ ಉಪಕಲಮಿನಲ್ಲಿವೆ. ಆರು ತಿಂಗಳಿಂದ ಎರಡು ವರ್ಷ. ಮಾನ್ಯತೆ ಕೊಟ್ಟ ಕಾಗದವೇ ರಕ್ಷಣೆಯಿಂದ ಹೊರಗೆ ನಿಲ್ಲಿಸುವ ಕಾಗದವೂ ಆಯಿತು.

ನ್ಯಾಯ ಸಂಹಿತೆ ಟ್ರಾನ್ಸ್‌ಜೆಂಡರ್ ಪದವನ್ನು ತನ್ನ ವ್ಯಾಖ್ಯೆಗಳಲ್ಲಿ ಸೇರಿಸಿಕೊಂಡಿದೆ ಎಂದು ಹೊಗಳುವವರಿದ್ದಾರೆ. ಸೇರಿಸಿಕೊಂಡಿದೆ, 'ಅವನು' ಎಂಬ ಸರ್ವನಾಮದ ವ್ಯಾಪ್ತಿ ಹೇಳಲು! ಅತ್ಯಾಚಾರದ ಕಲಮಿಗೆ ಬಂದಾಗ ಅದೇ ಹಳೆಯ ಗಂಡಸು, ಹೆಂಗಸು.

ಇದೇ ರಾಜ್ಯದಲ್ಲಿ ಬೇರೆ ನೀತಿಗಳು ಈ ಗೊಂದಲವಿಲ್ಲದೆ ನಡೆಯುತ್ತಿವೆ ಎಂಬುದು ಗಮನಿಸಬೇಕಾದ್ದು. 2023ರ ಜೂನ್ 11ರಂದು ಶುರುವಾದ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಮಹಿಳೆಯರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಶೂನ್ಯ ಟಿಕೆಟ್ ಕೊಟ್ಟಿತು. 2021ರಲ್ಲಿ ನೇಮಕಾತಿ ನಿಯಮ ತಿದ್ದಿ ಶೇ. 1ರ ಸಮತಲ ಮೀಸಲಾತಿ ತಂದಾಗ, ಪ್ರತಿ ವರ್ಗದೊಳಗೂ ಅವರಿಗೊಂದು ಪಾಲು ಇಟ್ಟರು. ಹೆಂಗಸೆಂದರೆ ಯಾರು ಎಂಬ ತತ್ವಚರ್ಚೆಗೆ ಯಾರೂ ಕಾಯಲಿಲ್ಲ. ಇನ್ನೊಂದು ತುದಿಯಲ್ಲಿ, ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಗೆ ದೇಹವಷ್ಟೇ ಸಾಕು, ಗುರುತಿನ ಪ್ರಶ್ನೆಯೇ ಏಳುವುದಿಲ್ಲ. ಗರ್ಭಪಾತದ ವಿಷಯದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ 'ಮಹಿಳೆ' ಎಂಬುದನ್ನು ಗರ್ಭಪಾತದ ಅಗತ್ಯ ಬೀಳಬಹುದಾದ ಇತರರಿಗೂ ವಿಸ್ತರಿಸಿ ಓದಿತು. ದೇಹವನ್ನು ಎಲ್ಲಿ ನೋಡಬೇಕು, ಗುರುತನ್ನು ಎಲ್ಲಿ ನೋಡಬೇಕು ಎಂಬುದನ್ನು ಆಯಾ ನಿಯಮದ ಉದ್ದೇಶವೇ ಹೇಳುತ್ತದೆ. ಅತ್ಯಾಚಾರದ ಕಲಮಿನ ಉದ್ದೇಶ ಸಮ್ಮತಿಯ ರಕ್ಷಣೆ. ಸಂತ್ರಸ್ತರ ಕಡೆಯಿಂದ ನೋಡಿದರೆ ಅಲ್ಲಿ ದೇಹದ ಲಿಂಗವೂ ಅಪ್ರಸ್ತುತ, ಗುರುತೂ ಅಪ್ರಸ್ತುತ.

ಕೊನೆಯ ಆಕ್ಷೇಪ ಮಹಿಳಾ ಸಂಘಟನೆಗಳದು, ಮತ್ತು ಅದು ಹಗುರವಾದದ್ದಲ್ಲ. 2013ರ ಫೆಬ್ರುವರಿಯ ಸುಗ್ರೀವಾಜ್ಞೆ ಆರೋಪಿ, ಸಂತ್ರಸ್ತ ಇಬ್ಬರನ್ನೂ ಲಿಂಗನಿರಪೇಕ್ಷಗೊಳಿಸಿತ್ತು. ದೂರು ಕೊಟ್ಟ ಹೆಂಗಸಿನ ಮೇಲೇ ಪ್ರತಿದೂರು ಹಾಕುವ ದಾರಿ ಅದು ಎಂದು ಅವರು ಪ್ರತಿಭಟಿಸಿದರು. ಠಾಣೆಗಳ ಬಲಾಬಲ ಬಲ್ಲ ಯಾರೂ ಆ ಭಯವನ್ನು ಉತ್ಪ್ರೇಕ್ಷೆ ಎನ್ನಲಾರರು. ಸಂಸತ್ತು ಆಮೇಲೆ ಎರಡನ್ನೂ ಹಿಂದಕ್ಕೆ ತಳ್ಳಿತು. ಆದರೆ ಸುಗ್ರೀವಾಜ್ಞೆಗೆ ಕೆಲವೇ ದಿನ ಮೊದಲು ಬಂದ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿ ಎರಡು ಸ್ಥಾನಗಳನ್ನು ಬೇರೆ ಮಾಡಿತ್ತು: ಆರೋಪಿ ಗಂಡಸೇ ಇರಲಿ, ಸಂತ್ರಸ್ತರು ಯಾರೂ ಆಗಬಹುದು. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಗಂಡುಮಗು, ಹೆಣ್ಣುಮಗು ಎಂದು ಭೇದ ಮಾಡುವುದಿಲ್ಲ. ಹುಡುಗ ಹದಿನೆಂಟು ತುಂಬಿದ ಮರುದಿನ ಆ ರಕ್ಷಣೆ ಮಾಯವಾಗುವುದಕ್ಕೆ ಯಾವ ಸ್ತ್ರೀವಾದಿ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಪುರುಷ ಹಕ್ಕುಗಳ ಹೆಸರಿನಲ್ಲಿ ಹೆಂಗಸರ ಕಾನೂನುಗಳನ್ನೇ ಸಡಿಲಿಸಬೇಕೆನ್ನುವವರು ನನ್ನ ಈ ಮಾತನ್ನು ತಮ್ಮ ಚೀಲಕ್ಕೆ ಹಾಕಿಕೊಳ್ಳಬೇಕಾಗಿಲ್ಲ. ಅವರು ಕೇಳುತ್ತಿರುವುದು ಬೇರೆ.

ಇದಕ್ಕೆ ದೆಹಲಿಯತ್ತಲೇ ನೋಡುತ್ತ ಕೂರಬೇಕಿಲ್ಲ. ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಯ ಅಂಕಿತ ಸಿಕ್ಕರೆ ರಾಜ್ಯವೂ ತಿದ್ದಬಹುದು. ಆಂಧ್ರ, ಮಹಾರಾಷ್ಟ್ರ, ಪಶ್ಚಿಮ ಬಂಗಾಳ ಶಿಕ್ಷೆ ಹೆಚ್ಚಿಸುವ ಮಸೂದೆಗಳನ್ನು ತಂದು ಆ ದಾರಿಯನ್ನು ಪರೀಕ್ಷಿಸಿವೆ. ನಮ್ಮ ವಿಧಾನಸಭೆ ಶಿಕ್ಷೆಯ ಪ್ರಮಾಣವನ್ನು ಮುಟ್ಟಬೇಕಿಲ್ಲ. 63ನೇ ಕಲಮಿನಲ್ಲಿ ಸಂತ್ರಸ್ತರ ಕಡೆ 'ಮಹಿಳೆ' ಎಂದಿರುವಲ್ಲಿ 'ವ್ಯಕ್ತಿ' ಎಂದು ಬರೆದು, ಅದಕ್ಕೆ ತಕ್ಕಂತೆ ವಿವರಣೆಗಳನ್ನು ತಿದ್ದಿದರೆ ಮಸೂದೆ ಎರಡು ಪುಟ ದಾಟುವುದಿಲ್ಲ. ಹಾಸನದ ಏಳು ಶಾಸಕರಲ್ಲಿ ಯಾರಾದರೂ ಒಬ್ಬರು ಅದನ್ನು ಖಾಸಗಿ ಮಸೂದೆಯಾಗಿಯೇ ಮಂಡಿಸಬಹುದು.