ಗೆಳೆಯನೇ ಗುರುವಾದಾಗ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಸಮಯದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕವನ್ನು ನುಡಿಯುತ್ತಾನೆ. ಒಂದೇ ಮಾತು, ಮಳೆಗೋ ಬೆಳೆಗೋ ರಾಜಕಾರಣಕ್ಕೋ ಅದನ್ನು ಹೊಂದಿಸಿ, ಕೇಳಿದವರು ತಮಗೆ ತೋಚಿದ ಅರ್ಥದೊಡನೆ ಊರಿಗೆ ಮರಳುತ್ತಾರೆ. ದೈವವಾಣಿಗೆ ಆ ಸಂಕ್ಷೇಪವೇ ಶೋಭೆ. ಆದರೆ ಹದಿಹರೆಯದವರಿಗೆ ತಮ್ಮ ದೇಹದ ತಿಳಿವಳಿಕೆಯೂ ಅರ್ಧಮಾತಿನಲ್ಲಿಯೇ ದೊರೆತರೆ, ಅವರು ಕಟ್ಟಿಕೊಳ್ಳುವ ಅರ್ಥಕ್ಕೆ ಹೊಣೆ ಯಾರು?

ಕೇಂದ್ರ ಸರ್ಕಾರವು 2014ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಇದಕ್ಕೊಂದು ಉತ್ತರವನ್ನು ಹುಡುಕಿತು. ಸುಮಾರು ಸಾವಿರ ಜನಸಂಖ್ಯೆಗೆ ಇಬ್ಬರು ಹುಡುಗರು ಹಾಗೂ ಇಬ್ಬರು ಹುಡುಗಿಯರಿಗೆ ತರಬೇತಿ ನೀಡಿ, ಪ್ರತಿಯೊಬ್ಬರೂ 15ರಿಂದ 20 ಸಮವಯಸ್ಕರಿಗೆ ತಿಳಿಹೇಳಬೇಕೆಂಬುದು ಇದರ ಕ್ರಮ. 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಶಾಲೆಗಳಲ್ಲಿನ ಹದಿಹರೆಯದ ಶಿಕ್ಷಣವನ್ನು ತಡೆದುದನ್ನು ನೆನೆದರೆ, ಇದು ಸಣ್ಣ ಹೆಜ್ಜೆಯಲ್ಲ. ಹೆತ್ತವರೆದುರು ಬಾಯಿ ಬಿಡದ ಮಕ್ಕಳು ಮುಟ್ಟಿನ ನೋವನ್ನೋ ಸ್ವಪ್ನಸ್ಖಲನದ ಅಂಜಿಕೆಯನ್ನೋ ಜೊತೆಗಾರರಲ್ಲಿ ಹೇಳಿಕೊಳ್ಳುತ್ತಾರೆ.

ಆದರೂ ಈ ಕ್ರಮಕ್ಕೆ ಮಿತಿಯುಂಟು. ಇಂತಹ ಶಿಕ್ಷಣದಿಂದ ತಿಳಿವಳಿಕೆ ಹೆಚ್ಚಿದರೂ ನಡತೆಯ ಬದಲಾವಣೆ ಅಲ್ಪವೆಂದೂ, ಹೆಚ್ಚಿನ ಲಾಭ ಬೋಧಿಸುವವರಿಗೇ ಆಗುವುದೆಂದೂ 2015ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವಿಮರ್ಶೆಯೊಂದು ತೋರಿಸಿತು. ಇದಕ್ಕಿಂತ ಗಂಭೀರವಾದುದು ಮತ್ತೊಂದು. ಗೆಳತಿಯೊಬ್ಬಳು ತನ್ನ ಮೇಲಾದ ದೌರ್ಜನ್ಯವನ್ನು ಹೇಳಿಕೊಂಡರೆ ಹದಿನಾರರ ಬೋಧಕಿ ಏನು ಮಾಡಬೇಕು? 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ವರದಿ ಮಾಡದ ಮಕ್ಕಳಿಗೆ ಕಾನೂನು ಶಿಕ್ಷೆಯಿಂದ ವಿನಾಯಿತಿ ನೀಡಿದೆ. ಆ ಗುಟ್ಟಿನ ಭಾರದಿಂದ ವಿನಾಯಿತಿ ನೀಡುವವರಿಲ್ಲ. ಆದುದರಿಂದ ಗೆಳೆಯನು ಸೇತುವೆಯಾಗಬಹುದೇ ಹೊರತು ದಡವಾಗಲಾರನು. ಆಚೆಯ ದಡದಲ್ಲಿ ಸ್ನೇಹ ಕ್ಲಿನಿಕ್‌ನ ವೈದ್ಯರು, ಆಶಾ ಕಾರ್ಯಕರ್ತೆ, ಶಿಕ್ಷಕರು, ತಂದೆ–ತಾಯಿಯರು ನಿಂತಿರಬೇಕು.

ಮೌನವೇ ಮಕ್ಕಳನ್ನು ಕಾಯುವುದೆಂಬ ನಂಬಿಕೆಯೂ ನಿಲ್ಲದು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ವಿವಾಹವಾಗಿತ್ತು. ಮೌನ ಅವರನ್ನು ಕಾಯಲಿಲ್ಲ; ಅರಿವಿಲ್ಲದೆ ದಾಂಪತ್ಯಕ್ಕೆ ಕಳುಹಿಸಿತಷ್ಟೆ.

ಸ್ವದಾರಸಂತೋಷವನ್ನು ಅಣುವ್ರತವೆಂದು ಶ್ರಾವಕಾಚಾರ ವಿಧಿಸುತ್ತದೆ. ಅರಿತು ಹಿಡಿದುದು ವ್ರತ. ಅರಿಯದೆ ಹಿಡಿದುದು ಬರಿಯ ಅಂಜಿಕೆ. ಬಸದಿಯ ಟ್ರಸ್ಟುಗಳು ಬೇಸಿಗೆ ಶಿಬಿರದ ಒಂದು ದಿನವನ್ನು ವೈದ್ಯರಿಗೆ ಮೀಸಲಿಟ್ಟು, ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಕೇಳಲು ಮಕ್ಕಳಿಗೆ ಅವಕಾಶ ನೀಡಲಿ. ಅಂದು ಹಿರಿಯರೂ ಅಲ್ಲಿ ಕುಳಿತು ಕೇಳಲಿ.