ಮಟ್ಟು ಯಾರದು? ರಾಕ್ ಕೇಳಲು ಹೊರಟವರಿಗೆ

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದವರು ಆಳಂದ, ಜೇವರ್ಗಿ ಕಡೆಯ ಹಳ್ಳಿಯ ಭಜನೆಗೆ ಒಂದು ರಾತ್ರಿ ಕೂತು ಬನ್ನಿ. ರಾಕ್ ಕೇಳುವ ಪಾಠ ಅಲ್ಲಿಂದಲೇ ಶುರುವಾಗಲಿ. ಏಕತಾರಿ, ದಮ್ಮಡಿ ಹಿಡಿದು ಒಂದೇ ಮಟ್ಟಿನಲ್ಲಿ ನಾಲ್ಕು ತತ್ವಪದ ಹಾಡಿದರೂ ಯಾರೂ ತಕರಾರು ತೆಗೆಯುವುದಿಲ್ಲ. ಮಟ್ಟು ಊರಿನದು, ಅಂಕಿತ ಕವಿಯದು. ಕಡಕೋಳ ಮಡಿವಾಳಪ್ಪನವರ ಪದದಲ್ಲಿ ‘ಮಹಾಂತ’ ಬಂದರೆ ಸಾಕು, ಕೂತವರ ತಲೆ ತೂಗುತ್ತದೆ.

ರಾಕ್ ತಂಡದ ಅಂಕಿತವನ್ನು ನಾದದಲ್ಲೇ ಹುಡುಕಬೇಕು. ಅದಕ್ಕೇ ಅಲ್ಲಿ ಜಗಳವೂ ನಾದಕ್ಕಾಗಿಯೇ. 2022ರ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ತೆರೆಗೆ ಬಂತು. ಅದರಲ್ಲಿನ, ಅಜನೀಶ್ ಲೋಕನಾಥ್ ಸಂಗೀತದ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೇರಳದ ರಾಕ್ ತಂಡ ತೈಕ್ಕುಡಂ ಬ್ರಿಡ್ಜ್ ಕೋಳಿಕ್ಕೋಡ್ ನ್ಯಾಯಾಲಯಕ್ಕೆ ಹೋಯಿತು. ತಡೆಯಾಜ್ಞೆ ಬಂತು. ನವೆಂಬರ್ 24ಕ್ಕೆ ಚಿತ್ರ ಅಮೆಜಾನ್ ಪ್ರೈಮ್‌ಗೆ ಬಂದಾಗ ಸಾಹಿತ್ಯ ಅದೇ, ಮಟ್ಟು ಬೇರೆ. ಅಕ್ಷರವೊಂದೂ ಕಳೆದಿರಲಿಲ್ಲ, ಆದರೂ ನೋಡಿದವರು ಹಾಡೇ ಹೋಯಿತೆಂದು ಮರುಗಿದರು. ಡಿಸೆಂಬರಿನಲ್ಲಿ ಹಳೆಯದು ಮರಳಿತು. ಕೋಳಿಕ್ಕೋಡ್ ನ್ಯಾಯಾಲಯ ದಾವೆಯನ್ನು ಹಿಂದಿರುಗಿಸಿದ್ದು ನ್ಯಾಯವ್ಯಾಪ್ತಿಯ ಕಾರಣಕ್ಕೆ. ನಕಲು ಹೌದೋ ಅಲ್ಲವೋ ಎಂಬ ಕಿವಿಯ ಪ್ರಶ್ನೆಯನ್ನು ಆ ಆದೇಶ ಮುಟ್ಟಲಿಲ್ಲ.

‘ವರಾಹ ರೂಪಂ’ ಹಾಡನ್ನು ನೀವೇ ಕೇಳಿ ನೋಡಿ. ಇಯರ್‌ಫೋನ್ ಹಾಕಿಕೊಂಡು ಮೊದಲ ಸಲ ಮಾತು ಬಿಟ್ಟುಬಿಡಿ. ತೊಡೆಯ ಮೇಲೆ ತಾಳ ಹಾಕುತ್ತಾ ಡ್ರಮ್ ಒಂದನ್ನೇ ಹಿಂಬಾಲಿಸಿ. ಎರಡನೆಯ ಸಲ ಎಲೆಕ್ಟ್ರಿಕ್ ಗಿಟಾರ್: ತಂತಿಯ ನಾದವನ್ನು ಬೇಕೆಂದೇ ಒಡೆದು ಒರಟು ಮಾಡಿರುತ್ತಾರೆ, ಗುಡುಗು ದೂರದಲ್ಲಿ ಉರುಳಿದ ಹಾಗೆ ಅದು ಕೆಳಗೆ ಹರಡಿಕೊಂಡಿರುತ್ತದೆ. ಅದರ ಮೇಲೆ ಶಾಸ್ತ್ರೀಯ ಗಮಕದ ದನಿ ಎಲ್ಲಿ ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಗುರುತು ಹಾಕಿಕೊಳ್ಳಿ. ನಂತರ ‘ನವರಸಂ’ ಹಾಕಿ ಅದೇ ಜಾಗಗಳನ್ನು ಹುಡುಕಿ.

ತೋಡಿ, ವರಾಳಿ, ಮುಖಾರಿ ರಾಗಗಳಿಂದಾಗಿ ಹೋಲಿಕೆ ಕಾಣುತ್ತದೆ ಎಂಬುದು ಅಜನೀಶರ ಸಮಜಾಯಿಷಿ. ರಾಗಕ್ಕೆ ಒಡೆಯರಿಲ್ಲ, ಆ ಮಾತು ಒಪ್ಪತಕ್ಕದ್ದೇ. ಆದರೆ ರಾಕ್‌ನಲ್ಲಿ ನಾನು ಮೊದಲು ಕೇಳುವುದು ಪದರ ಜೋಡಿಸಿದ ಕ್ರಮವನ್ನು: ಯಾವುದರ ಮೇಲೆ ಯಾವುದು ಕೂತಿದೆ, ಯಾವುದು ಯಾವಾಗ ಸರಿದು ದಾರಿ ಬಿಟ್ಟಿದೆ. ತಂಡದವರು ತಿಂಗಳುಗಟ್ಟಲೆ ಬೆವರು ಸುರಿಸುವುದು ಅಲ್ಲೇ. ಎರಡೂ ಹಾಡಿನಲ್ಲಿ ಆ ಕ್ರಮ ಎಲ್ಲಿ ಕೂಡುತ್ತದೆ, ಎಲ್ಲಿ ಅಗಲುತ್ತದೆ ಎಂದು ಬೆರಳಿಟ್ಟು ತೋರಿಸಲು ಬಂದ ದಿನ, ಮೂರನೆಯ ಹಾಡು ಹಾಕಿಕೊಳ್ಳಿ.