ಅಟ್ಟದ ಮೇಲಿಟ್ಟ ಗುಂಡಿ

ಪುಸ್ತಕವನ್ನು ವಿಮರ್ಶಿಸುವಂತೆ ಕಂಪ್ಯೂಟರಿನ ಒಂದು ಪರದೆಯನ್ನೂ ವಿಮರ್ಶಿಸಬಹುದೆ? ಬಹುದೆಂದೇ ನನ್ನ ಎಣಿಕೆ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ರಚಿಸಿದರು ಎಂಬ ಪ್ರಶ್ನೆ ಎರಡಕ್ಕೂ ಸಲ್ಲುತ್ತದೆ.

ಹಾಡು, ಸಿನಿಮಾ, ಪಾಠದ ವಿಡಿಯೋ ಎಲ್ಲವನ್ನೂ ನಡೆಸಿಕೊಡುವ ವಿಎಲ್‌ಸಿ ಎಂಬ ತಂತ್ರಾಂಶವನ್ನು ನಿಮ್ಮಲ್ಲಿ ಅನೇಕರು ಬಳಸಿರುತ್ತೀರಿ. ರಸ್ತೆ ದುರಸ್ತಿಯ ಜಾಗದಲ್ಲಿ ಇಡುವ ಕಿತ್ತಳೆ-ಬಿಳಿ ಬಣ್ಣದ ಶಂಕು ಅದರ ಗುರುತು. ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸ ಅದು. 2001ರಲ್ಲಿ ಎಲ್ಲರಿಗೂ ಮುಕ್ತವಾಯಿತು. ದುಡ್ಡು ಕೊಡಬೇಕಿಲ್ಲ, ನಡುವೆ ಜಾಹೀರಾತಿನ ಕಾಟವೂ ಇಲ್ಲ. ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಕೇಳಿಸುವುದು ಇದರಲ್ಲೇ.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ಶುರುಮಾಡಲು ತ್ರಿಕೋನ, ತಡೆದು ನಿಲ್ಲಿಸಲು ಎರಡು ಗೆರೆ, ಪೂರ್ತಿ ನಿಲ್ಲಿಸಲು ಚೌಕ. ಇವೆಲ್ಲ ಟೇಪ್ ರೆಕಾರ್ಡರಿನಿಂದ ಬಂದ ಗುರುತುಗಳು. ಕ್ಯಾಸೆಟ್ಟಿನಲ್ಲಿ ಭಾವಗೀತೆ ಹಾಕಿಕೊಂಡು ಅಡುಗೆ ಮಾಡಿದ ನಮ್ಮ ಪೀಳಿಗೆಗೆ ಅವನ್ನು ಯಾರೂ ಕಲಿಸಬೇಕಿಲ್ಲ. ಧ್ವನಿಯ ಗುರುತು ಸಣ್ಣದಾಗಿ ಶುರುವಾಗಿ ದಪ್ಪವಾಗುತ್ತ ಹೋಗುತ್ತದೆ. ಅಕ್ಷರ ಬಾರದವರಿಗೂ ಅರ್ಥವಾಗುವಂಥದು. ಎಷ್ಟು ಹೊತ್ತಾಯಿತೆಂದು ಎಡಕ್ಕೆ, ಒಟ್ಟು ಎಷ್ಟೆಂದು ಬಲಕ್ಕೆ. ಇಲ್ಲಿಯವರೆಗೆ ಇದು ಸಭ್ಯವಾದ ಪರದೆ.

ನನ್ನ ತಕರಾರು ಮುಂದಿನದು. ಇದರೊಳಗೆ ಎರಡು ಅಮೂಲ್ಯ ಸೌಲಭ್ಯಗಳಿವೆ. ಒಂದು, ವೇಗ ತಗ್ಗಿಸುವುದು. ಸೆಲ್ ಇಳಿದಾಗ ಟೇಪಿನೊಳಗಿನ ಗಾಯಕಿಯ ದನಿ ಗಂಡಸಿನದಾಗುತ್ತಿತ್ತು, ನೆನಪಿದೆಯೆ? ಇಲ್ಲಿ ಹಾಗಾಗದು; ಮಾತು ನಿಧಾನವಾದರೂ ಶ್ರುತಿ ಕದಲುವುದಿಲ್ಲ. ಇನ್ನೊಂದು, ಬೇಕಾದ ಒಂದೇ ಸಾಲನ್ನು ಮತ್ತೆ ಮತ್ತೆ ಕೇಳಿಸುವುದು. ಸಾಲಿನ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಗುಂಡಿ ಒತ್ತಿದರೆ ಅಷ್ಟನ್ನೇ ಅದು ಬೇಸರವಿಲ್ಲದೆ ತಿರುಗಿಸುತ್ತದೆ. ಮೂರನೆಯ ಸಲ ಒತ್ತಿದರೆ ಬಿಡುತ್ತದೆ. 'ಲ' ಮತ್ತು 'ಳ' ಬೇರೆಮಾಡಲಾರದ ಮಗುವಿಗೆ ಇದಕ್ಕಿಂತ ತಾಳ್ಮೆಯ ಗುರು ಎಲ್ಲಿ ಸಿಕ್ಕಾರು?

ಆದರೆ ಈ ಎರಡೂ ಕಣ್ಣಿಗೆ ಬೀಳುವುದಿಲ್ಲ. ವೇಗದ್ದು 'ಪ್ಲೇಬ್ಯಾಕ್' ಪಟ್ಟಿಯೊಳಗೆ 'ಸ್ಪೀಡ್' ಎಂಬಲ್ಲಿದೆ. ಸಾಲು ತಿರುಗಿಸುವ ಗುಂಡಿಯಂತೂ 'ವ್ಯೂ' ಪಟ್ಟಿಯಲ್ಲಿ 'ಅಡ್ವಾನ್ಸ್ಡ್ ಕಂಟ್ರೋಲ್ಸ್' ಎಂಬುದನ್ನು ಒತ್ತುವವರೆಗೆ ಮುಖವನ್ನೇ ತೋರಿಸದು. ಮುಂಬಾಗಿಲಲ್ಲಿ ಕೂತಿರುವುದು ಯಾವುದು? ಹಾಡುಗಳನ್ನು ಕಲಸಿ ಹೇಗೆ ಬೇಕೋ ಹಾಗೆ ಕೇಳಿಸುವ ಗುಂಡಿ. ಕಾಲ ಕಳೆಯಲು ಕೇಳುವವರಿಗೆ ಜಗಲಿ, ಕಲಿಯಲು ಕೇಳುವವರಿಗೆ ಅಟ್ಟ!

ಗುಂಡಿಗಳು ಹೆಚ್ಚಾದರೆ ಹೊಸಬರು ಹೆದರುತ್ತಾರೆ ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಒಗ್ಗರಣೆ ಡಬ್ಬಿಯಲ್ಲಿ ಎಲ್ಲ ಸಾಮಾನನ್ನೂ ನಾವು ತುಂಬುವುದಿಲ್ಲ. ಆದರೆ ಸಾಸಿವೆಯನ್ನು ಅಟ್ಟಕ್ಕೇರಿಸಿ ಕೇಸರಿಯನ್ನು ಕೈಯಳತೆಯಲ್ಲಿ ಇಡುವುದೂ ಇಲ್ಲವಲ್ಲ? ಇನ್ನು ಆ 'ಅಡ್ವಾನ್ಸ್ಡ್' ಎಂಬ ಮಾತು. ಮತ್ತೆ ಮತ್ತೆ ಕೇಳುವುದು ಮುಂದುವರಿದವರ ವಿದ್ಯೆಯೆ? ನಾನು ಕಂಡಂತೆ ಅದು ಮೊದಲನೆಯ ಪಾಠ. ತೊದಲುವ ಕೂಸು ಮಾತು ಕಲಿಯುವುದೂ ಹಾಗೆಯೇ.

ಇದು ಬರೀ ಗುಂಡಿಯ ಜಗಳವಲ್ಲ. ಆ ಹೆಸರು ನೋಡಿದ ಹೆಂಗಸು 'ಇದು ನಮ್ಮಂಥವರಿಗಲ್ಲ, ಮಗ ಬರಲಿ' ಎಂದು ಕೈ ಹಿಂದೆಗೆಯುತ್ತಾಳೆ. ಶಿಕ್ಷಕಿ ಪದ್ಯವನ್ನು ಒಮ್ಮೆ ಕೇಳಿಸಿ ಮುಂದಕ್ಕೆ ಹೋಗುತ್ತಾಳೆ. ಚುರುಕಾದ ಮಕ್ಕಳಿಗೆ ಅಷ್ಟು ಸಾಕು. ನಷ್ಟವಾಗುವುದು ಕೊನೆಯ ಬೆಂಚಿನವರಿಗೆ. ನನ್ನ ತರಗತಿಯಲ್ಲಿ ಬಾಯಿಯನ್ನೇ ಬಿಡದ ಹುಡುಗಿಯೊಬ್ಬಳು ಒಂದು ಸಾಲನ್ನು ಏಳೆಂಟು ಸಲ ಕೇಳಿದ ಮೇಲೆ ತಾನಾಗಿ ಹೇಳಿದಳು. ಅಷ್ಟು ಸಲ ನಾನೇ ಹೇಳಿಕೊಟ್ಟಿದ್ದರೆ ನನ್ನ ದನಿಯಲ್ಲಿ ಸಿಡುಕು ಇಣುಕದೆ ಇರುತ್ತಿತ್ತೆ?

ತಂತ್ರಾಂಶ ಒಳ್ಳೆಯದು, ಉಚಿತವಾಗಿ ಕೊಟ್ಟವರ ಮನಸ್ಸೂ ದೊಡ್ಡದು. ಅಟ್ಟಕ್ಕೆ ಏಣಿ ಹಾಕುವ ಕೆಲಸ ಮಾತ್ರ ಸದ್ಯಕ್ಕೆ ನಮ್ಮದೇ. ಒಮ್ಮೆ ಆ ಪಟ್ಟಿ ತೆರೆದು ಒತ್ತಿಬಿಡಿ. ಗುಂಡಿಗಳ ಹೊಸ ಸಾಲು ಕೆಳಗೆ ಬಂದು ನಿಲ್ಲುತ್ತದೆ. ಮಗನಿಗಾಗಿ ಕಾಯಬೇಕಿಲ್ಲ.